ಬಿಳಿ ಇಲಿಗಳ ಬಾಣಂತನ

ಮುಂಬೈ ಕಡೆಯ ಘಣಸೋಲಿಯ ಒಂದು ಹೌಸಿಂಗ್ ಸೊಸೈಟಿಯ ಮೂರನೆಯ ಮಾಳಿಗೆಯಲ್ಲಿರುವ ಮಹಾದೇವಕ್ಕನಿಗೆ ಬದುಕಿನಲ್ಲಿ ಎರಡು ಸಂಗತಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಇಲಿ. ಇನ್ನೊಂದು, ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡಸು. ಅರವತ್ತೊಂದನೆಯ ವಯಸ್ಸಿನಲ್ಲಿ ದೇವರು ಆಕೆಗೆ ಎರಡನ್ನೂ ದಯಪಾಲಿಸಿದ. ಮೊದಲು ಗಂಡಸು, ಆಮೇಲೆ ಆ ಗಂಡಸಿನ ಕೈಯಲ್ಲಿ ಇಲಿ.

ಆಕೆಯ ಯಜಮಾನರಾದ ಶಂಕರೆಪ್ಪನವರು ವಿಜಯಪುರದ ಕಡೆಯಿಂದ ಬಂದು ರಬಾಳೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಮಾಲು ಕಳಿಸುವ ವಿಭಾಗ ನೋಡಿಕೊಂಡವರು. ಯಾವ ಡ್ರಮ್ಮು ಯಾವ ಲಾರಿಯಲ್ಲಿ ಯಾವ ಊರಿಗೆ ಹೋಯಿತು ಅನ್ನುವುದು ಅವರಿಗೆ ಬಾಯಿಪಾಠ. ಮಗ ರವಿಕಿರಣ್ ಎಷ್ಟನೇ ಕ್ಲಾಸಿನಲ್ಲಿದ್ದಾನೆ ಅನ್ನುವುದನ್ನು ಮಾತ್ರ ಪ್ರತಿ ವರ್ಷ ಕೇಳಿ ತಿಳಿದುಕೊಳ್ಳಬೇಕಾಗುತ್ತಿತ್ತು. ರಿಟೈರಾದ ಮೇಲೆ ಅವರಿಗೆ ದಿಢೀರನೆ ಜೀವನಪ್ರೀತಿ ಹುಟ್ಟಿತು. ಹಾರ್ಮೋನಿಯಂ ತಂದರು, ಮೇಲಿನ ಮನೆಯವರು ಎರಡೇ ವಾರಕ್ಕೆ ಬಂದು ಕೈಮುಗಿದರು. ಕುಂಡದಲ್ಲಿ ಕುಬ್ಜ ಆಲದ ಮರ ಬೆಳೆಸಲು ಹೋದರು. ಅದು ಇನ್ನಷ್ಟು ಕುಬ್ಜವಾಗುತ್ತ ಹೋಗಿ ಕೊನೆಗೆ ಕುಂಡ ಮಾತ್ರ ಉಳಿಯಿತು. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿದರು. ಮೀನು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದಾಗಲೆಲ್ಲ ನಳದ ನೀರನ್ನು ಬೈದು, ಉಲ್ಹಾಸನಗರಕ್ಕೆ ಹೋಗಿ ಹೊಸದು ತರುತ್ತಿದ್ದರು.

ಹಾಗೆ ಒಂದು ದಿನ ಮೀನು ತರಲು ಹೋದವರು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಬಿಳಿ ಇಲಿ ಹಿಡಿದುಕೊಂಡು ಬಂದರು. ಮೀನಿನಷ್ಟು ಸುಲಭಕ್ಕೆ ಇವು ಸಾಯುವುದಿಲ್ಲವಂತೆ. ಎರಡೂ ಗಂಡಂತೆ, ಅಂಗಡಿಯ ಮನೀಷ್ ಗ್ಯಾರಂಟಿ ಕೊಟ್ಟಿದ್ದಾನಂತೆ. ಮಹಾದೇವಕ್ಕ ಅಡಿಗೆಮನೆಯ ಬಾಗಿಲಲ್ಲೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದು ಸಲ ನೋಡಿದಳು. ಆಡು, ಎಮ್ಮೆ, ಕೋಳಿಗಳ ನಡುವೆ ಬೆಳೆದವಳು.

"ಅದರಾಗ ಒಂದು ಹೆಣ್ಣದ," ಅಂದಳು.

ಹದಿನೈದು ವರ್ಷದಿಂದ ಅಂಗಡಿ ಇಟ್ಟವನಿಗಿಂತ ನಿನಗೆ ಹೆಚ್ಚು ತಿಳಿಯುತ್ತದೇನು ಅಂತ ಶಂಕರೆಪ್ಪನವರು ನಕ್ಕರು. ಮಹಾದೇವಕ್ಕ ವಾದ ಮಾಡಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಕಲಿತದ್ದೇನೆಂದರೆ, ಗಂಡನ ಜೊತೆ ವಾದ ಮಾಡುವ ಕೆಲಸವನ್ನು ಕಾಲಕ್ಕೆ ಬಿಟ್ಟುಬಿಡುವುದು ಅಗ್ಗ. ಕಾಲ ಮೂರು ವಾರ ತೆಗೆದುಕೊಂಡಿತು. ಒಂದು ಮುಂಜಾನೆ ಬಾಲ್ಕನಿಯ ತೊಟ್ಟಿಯಲ್ಲಿ, ಎರಡು ಗಂಡು ಇಲಿಗಳ ಪೈಕಿ ಒಂದು, ಒಂಬತ್ತು ಮರಿ ಹಾಕಿತ್ತು.

ಖರ್ಜೂರದ ಬೀಜದಷ್ಟು ಗಾತ್ರ, ಕೂದಲಿಲ್ಲ, ಕಣ್ಣು ತೆರೆದಿಲ್ಲ, ಕಿವಿ ಇನ್ನೂ ತಲೆಗೆ ಅಂಟಿಕೊಂಡೇ ಇದೆ. ಗುಲಾಬಿ ಬಣ್ಣದ ಒಂಬತ್ತು ಜೀವ ಒಂದರ ಮೇಲೊಂದು ಬಿದ್ದು ಮಿಸುಕಾಡುತ್ತಿದ್ದವು. ಶಂಕರೆಪ್ಪನವರಿಗೆ ಆದ ಸಂತೋಷ ಹೇಳತೀರದು. ಸಾನಪಾಡಾದಲ್ಲಿರುವ ಮಗನಿಗೆ ತಕ್ಷಣ ಫೋನ್ ಹಚ್ಚಿದರು. ರವಿಕಿರಣನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಆಪ್ ಠೀಕ್ ತೋ ಹೋ ನಾ?" ಅಂತ ಅಪ್ಪ ಸರಿಯಾಗಿದ್ದಾರೋ ಇಲ್ಲವೋ ಅಷ್ಟೇ ಕೇಳಿ ಫೋನು ತಾಯಿಗೆ ಕೊಡಲು ಹೇಳಿದ.

ಮುಂದಿನ ಎರಡು ದಿನ ಶಂಕರೆಪ್ಪನವರು ಬಾಲ್ಕನಿಯನ್ನು ಪ್ರದರ್ಶನಕ್ಕೆ ಇಟ್ಟರು. ಹಾಲಿನವ ಬಂದರೆ ಮುಚ್ಚಳ ತೆಗೆದು ತೋರಿಸಿದರು, ವಾಚ್‌ಮನ್‌ನನ್ನು ಕೆಳಗಿಂದ ಕರೆಸಿದರು, ಕೊರಿಯರ್ ಹುಡುಗನಿಗೆ ಸಹಿ ಹಾಕಿಕೊಡುವ ಮೊದಲು ಮರಿಗಳ ದರ್ಶನ ಮಾಡಿಸಿದರು. ಎತ್ತಿ ಅಂಗೈ ಮೇಲಿಟ್ಟು ಫೋಟೋ ತೆಗೆದರು. ಎರಡನೆಯ ದಿನ ಸಂಜೆ ಎಣಿಸಿದರೆ ಒಂಬತ್ತು ಹೋಗಿ ಐದಾಗಿದ್ದವು. ಅವರ ಸಂಶಯ ಮೊದಲು ಕಾಗೆಯ ಮೇಲೆ ಹೋಯಿತು. ಮುಚ್ಚಳಕ್ಕೆ ಕಲ್ಲು ಹೇರಿದ ತೊಟ್ಟಿಯೊಳಗೆ ಕಾಗೆ ಹೇಗೆ ಬಂದೀತು ಅನ್ನಿಸಿ, ಆಮೇಲೆ ವಾಚ್‌ಮನ್‌ನ ಮೇಲೆ ಹೋಯಿತು.

"ಅವ್ವನs ತಿಂದಾಳ," ಅಂದಳು ಮಹಾದೇವಕ್ಕ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಬಾಣಂತಿ ಖೋಲಿಗೆ ತಾಸಿಗೊಬ್ಬರನ್ನ ಕರ್ಕೊಂಡು ಬಂದು ತೋರಿಸಿದ್ರ ಇನ್ನೇನು ಮಾಡ್ತಾಳ. ರವಿ ಹುಟ್ಟಿದಾಗ ನಿಮ್ಮ ಮಂದಿ ಸಾಲುಗಟ್ಟಿ ಬಂದಾಗ ನನಗೂ ಹಂಗs ಅನಿಸಿತ್ತು."

ಶಂಕರೆಪ್ಪನವರು ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಕೆ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಕೈ ತೊಳೆದು, ಬಾಲ್ಕನಿಗೆ ಬಂದಳು.

ಹೀಗೆ ಇಲಿ ಕಂಡರಾಗದ ಮಹಾದೇವಕ್ಕ ಇಲಿಗಳ ಸೂಲಗಿತ್ತಿಯಾದದ್ದು. ನಾದಿನಿಯರು, ತಂಗಿಯರು, ತಂಗಿಯರ ಹೆಣ್ಣುಮಕ್ಕಳು ಅಂತ ತನ್ನ ಬಳಗದ ಹನ್ನೊಂದು ಬಾಣಂತನ ಮಾಡಿದ ಕೈ ಅದು. ಹಳೆಯ ಇಳಕಲ್ಲ ಸೀರೆಯೊಂದನ್ನು ತೊಟ್ಟಿಯ ಸುತ್ತ ಸುತ್ತಿ ಕತ್ತಲೆ ಮಾಡಿದಳು. ಅರಿವೆಯ ದಾರ ಎಳೆಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆಂದು ಗಂಡ ಹಾಕಿದ್ದ ಬನಿಯನ್ ಚೂರು ತೆಗೆದೊಗೆದು, ಮೆತ್ತನೆಯ ಕಾಗದ ಹರಿದು ಹಾಕಿದಳು. ಮೂರು ದಿನ ಯಾರೂ ಇತ್ತ ಸುಳಿಯಕೂಡದು ಅಂತ ಕಟ್ಟಪ್ಪಣೆಯಾಯಿತು. ತಾಯಿಗೆ ಸಜ್ಜೆ, ನೆನೆಸಿದ ಕಡಲೆ, ಹಾಲಿನಲ್ಲಿ ನೆನೆಸಿದ ರೊಟ್ಟಿ. ತಾಯಿ ತಾನಾಗಿ ಗೂಡು ಬಿಟ್ಟು ತಿನ್ನಲು ಬಂದಾಗ ಮಾತ್ರ, ತೊಟ್ಟಿಯಲ್ಲಿ ಹಾಸಿದ್ದ ಹೊಟ್ಟಿನಲ್ಲಿ ಕೈ ತಿಕ್ಕಿ ಮನುಷ್ಯರ ವಾಸನೆ ಕಳೆದುಕೊಂಡು, ಮರಿಗಳನ್ನು ನೋಡುತ್ತಿದ್ದಳು. ತೆಳ್ಳನೆಯ ಚರ್ಮದ ಒಳಗೆ ಹೊಟ್ಟೆಯಲ್ಲಿ ಹಾಲಿನ ಬಿಳಿ ಪಟ್ಟಿ ಕಂಡರೆ ಕುಡಿದಿದೆ ಅಂತ ಅರ್ಥ. ಕಾಣದಿದ್ದರೆ ಆ ಮರಿಯನ್ನು ಗುಂಪಿನ ನಡುವೆ ಸರಿಸಿಡುತ್ತಿದ್ದಳು. ಐದಕ್ಕೆ ಐದೂ ಉಳಿದವು. ವಾರಕ್ಕೆ ಮೈ ಮೇಲೆ ನವಿರಾದ ಕೂದಲು ಬಂತು, ಎರಡು ವಾರಕ್ಕೆ ಕಣ್ಣು ತೆರೆದವು. ಕಣ್ಣು ತೆರೆದು ಮೊದಲು ನೋಡಿದ್ದು ಮಹಾದೇವಕ್ಕನ ಮುಖ. ಅದರಿಂದ ತನಗೇನೂ ಆಗಲಿಲ್ಲ ಅಂತ ಆಕೆ ಈಗಲೂ ಹೇಳುತ್ತಾಳೆ.

ಹಡೆದ ದಿನವೇ ಗಂಡನ್ನು ಬೇರೆ ಇಡಬೇಕು, ಇಲ್ಲದಿದ್ದರೆ ಅಂದೇ ಮತ್ತೆ ಬಸಿರು ಅಂತ ಆಕೆ ಹೇಳಿದ್ದಳು. ಶಂಕರೆಪ್ಪನವರು ಬೇರೆ ಇಟ್ಟರು ಕೂಡ. ಆದರೆ ಒಂಟಿಯಾಗಿ ಕೂತ ಗಂಡಿನ ಮುಖ ನೋಡಿ ಅವರ ಕರುಳು ಚುರ್ರೆಂದು, ಹೆಂಡತಿ ಮಾರ್ಕೆಟ್ಟಿಗೆ ಹೋದಾಗ ಸದ್ದಿಲ್ಲದೆ ಒಳಗೆ ಬಿಟ್ಟರು. ಗಂಡಸಿನ ಕಷ್ಟ ಗಂಡಸಿಗೇ ಗೊತ್ತು. ಹಾಗಾಗಿ ಮೊದಲ ಮರಿಗಳು ಹಾಲು ಬಿಡುವ ಹೊತ್ತಿಗೆ ಎರಡನೆಯ ಸೂಲು ಬಂತು. ಎರಡನೆಯದರ ಹಿಂದೆ ಮೂರನೆಯದು. ಆಮೇಲೆ ಮೊದಲ ಸೂಲಿನ ಹೆಣ್ಣುಮಕ್ಕಳೂ ಬಸಿರಾದವು. ಬಾಲ್ಕನಿಯಲ್ಲಿ ತೊಟ್ಟಿಗಳು ಆರಾದವು. ಹೊಟ್ಟು ಬದಲಿಸುವುದು, ನೀರಿನ ಶೀಸೆ ತೊಳೆಯುವುದು, ಹಾಲು ಸಾಲದ ಮರಿಯನ್ನು ಸರಿಸುವುದು ಮಹಾದೇವಕ್ಕ. "ನಮ್ಮ ಬ್ರೀಡಿಂಗು" ಅಂತ ಕೆಳಗೆ ಬೆಂಚಿನ ಮೇಲೆ ಕೂತು ಹೇಳುವುದು ಶಂಕರೆಪ್ಪನವರು. ಸಂಸಾರದ ಕೆಲಸದ ಹಂಚಿಕೆ ಮೊದಲಿನಿಂದಲೂ ಹೀಗೇ ಇದ್ದದ್ದರಿಂದ ಇಬ್ಬರಿಗೂ ಅಂಥ ತೊಂದರೆಯೇನೂ ಆಗಲಿಲ್ಲ.

ಅದೇ ಹೊತ್ತಿಗೆ ಸೊಸೈಟಿಯಲ್ಲಿ ಇಲಿಗಳ ಕಾಟ ಹೆಚ್ಚಾಯಿತು. ಇವು ಬಿಳಿಯವಲ್ಲ, ಗಟಾರದ ಹೆಗ್ಗಣಗಳು. ಪಾರ್ಕಿಂಗಿನ ಕಾರುಗಳ ವೈರು ಕಡಿದು ಹಾಕುತ್ತಿದ್ದವು. ಸೆಕ್ರೆಟರಿ ಪ್ರೇಮನಾಥರು ಮುಲ್ಕಿಯ ಕಡೆಯವರು, ಬ್ಯಾಂಕಿನಿಂದ ರಿಟೈರಾದವರು, ಸಮಿತಿ ಮಾಡದೆ ಯಾವ ಕೆಲಸವನ್ನೂ ಮಾಡಿದವರಲ್ಲ. ಇಲಿ ನಿರ್ಮೂಲನ ಸಮಿತಿ ಆಯಿತು. ಅಧ್ಯಕ್ಷರು ಯಾರಾಗಬೇಕು? ಕೈಯಲ್ಲಿ ವೇಳೆ ಇದ್ದವರು. ಶಂಕರೆಪ್ಪನವರು ಸರ್ವಾನುಮತದಿಂದ ಆಯ್ಕೆಯಾಗಿ, ಮೊದಲ ಸಭೆಯನ್ನು ತಮ್ಮ ಮನೆಯಲ್ಲೇ ಕರೆದರು. ಬೋನು ಒಳ್ಳೆಯದೋ ಪಾಷಾಣ ಒಳ್ಳೆಯದೋ ಅಂತ ಗಂಭೀರ ಚರ್ಚೆ ನಡೆದಿರುವಾಗ ಬಾಲ್ಕನಿಯಿಂದ ಚೀಂವ್ ಚೀಂವ್ ಅಂತ ಕೇಳಿಸಿತು.

"ನಿಮ್ಮಲ್ಲಿಯೂ ಇಲಿ ಉಂಟಾ ಮಾರಾಯ್ರೆ?" ಅಂತ ಪ್ರೇಮನಾಥರು ಕಿವಿ ನಿಮಿರಿಸಿದರು.

ಅದು ಫ್ಯಾನಿನ ಸಪ್ಪಳ, ಎಣ್ಣೆ ಬಿಡಬೇಕು ಅಂದರು ಅಧ್ಯಕ್ಷರು. ಕರೆಂಟು ಹೋಗಿ ಆಗಲೇ ಹತ್ತು ನಿಮಿಷವಾಗಿತ್ತು. ಚಹಾ ತಂದ ಮಹಾದೇವಕ್ಕ ನಿಂತ ಫ್ಯಾನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಕಪ್ಪುಗಳನ್ನಿಟ್ಟು ಒಳಗೆ ಹೋದಳು. ಪಾಷಾಣ ಇಡಬೇಕೆಂಬ ಠರಾವು ಪಾಸಾಯಿತು.

ಇಷ್ಟೊಂದು ಮರಿಗಳು ಎಲ್ಲಿ ಹೋಗುತ್ತಿದ್ದವು? ನಾಲ್ಕು ವಾರ ತುಂಬಿದ ಮೇಲೆ ಶಂಕರೆಪ್ಪನವರು ಅವನ್ನು ಗಾಳಿಯಾಡುವ ಡಬ್ಬಿಗೆ ಹಾಕಿ ಉಲ್ಹಾಸನಗರದ ಮನೀಷನಿಗೆ ಕೊಟ್ಟು ಬರುತ್ತಿದ್ದರು. ಸಾಕುವವರಿಗೆ ಅವನು ಮುಟ್ಟಿಸುತ್ತಾನಂತೆ. ಮಹಾದೇವಕ್ಕ ಬಿಡುತ್ತಿರಲಿಲ್ಲ, ಹೆಣ್ಣು ಕೊಟ್ಟವರಂತೆ ಎಲ್ಲ ವಿಚಾರಿಸುತ್ತಿದ್ದಳು: ಯಾರ ಮನೆ, ಎಂಥ ಮಂದಿ, ಬೆಕ್ಕು ಇದೆಯೇನು. ಕಿವಿಯ ಮೇಲೆ ಕಂದು ಚುಕ್ಕೆಯಿದ್ದದ್ದು ಡೊಂಬಿವಲಿಯ ಒಬ್ಬ ಡಾಕ್ಟರರ ಮನೆ ಸೇರಿದೆ ಅಂತ ಶಂಕರೆಪ್ಪನವರು ಹೇಳುತ್ತಿದ್ದರು, ಅಲ್ಲಿ ಎಸಿ ಕೋಣೆಯಂತೆ. ಇನ್ನೆರಡು ಕಲ್ಯಾಣದ ಒಬ್ಬ ಟೀಚರಮ್ಮನ ಮನೆಗೆ. ಮಹಾದೇವಕ್ಕ ಸಮಾಧಾನಗೊಂಡು, ಹೊಸ ಜಾಗದಲ್ಲಿ ಮರಿಗಳು ಹೆದರದಿರಲಿ ಅಂತ ಪ್ರತಿ ಡಬ್ಬಿಗೂ ತಾಯಿಯ ಗೂಡಿನ ಒಂದು ಹಿಡಿ ಹೊಟ್ಟು ಹಾಕಿ ಕಳಿಸುತ್ತಿದ್ದಳು. ಇಡೀ ಜನ್ಮದಲ್ಲಿ ಸುಳ್ಳು ಹೇಳಲು ಇಷ್ಟು ಕಷ್ಟಪಡದ ಗಂಡ ಈಗ ಊರು, ಉದ್ಯೋಗ, ಕುಟುಂಬದ ವಿವರ ಸಮೇತ ಹೇಳುತ್ತಿದ್ದಾರೆ ಅನ್ನುವುದು ಆಕೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಐದನೆಯ ಸೂಲಿನ ಮೂರನೆಯ ದಿನ, ಮುಂಜಾನೆ ಹತ್ತರ ಸುಮಾರಿಗೆ, ಹಳೆಯ ತಾಯಿ ಸತ್ತು ಬಿದ್ದಿತ್ತು. ಎಡೆಬಿಡದೆ ಹಡೆದು ಹಡೆದು ಮೈ ಹಿಂಜಿದ ಹತ್ತಿಯ ಹಂಜಿಯಾಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಏಳು ಮರಿಗಳು ತಣ್ಣಗಾಗುತ್ತಿದ್ದವು. ಪಕ್ಕದ ತೊಟ್ಟಿಯಲ್ಲಿ ಅದರದೇ ಮಗಳು ಐದು ದಿನದ ಹಿಂದೆ ಐದು ಹಾಕಿತ್ತು. ಅದರ ಮಡಿಲಿಗೆ ಇವನ್ನು ಸೇರಿಸಬೇಕು. ಆದರೆ ವಾಸನೆ ಬೇರೆ ಅನ್ನಿಸಿದರೆ ಅದು ಏಳನ್ನೂ ಕಚ್ಚಿ ಹಾಕಬಹುದು.

ಮಹಾದೇವಕ್ಕ ಗಂಡನನ್ನು ನೆಲದ ಮೇಲೆ ಕೂರಿಸಿ, ಎರಡೂ ಅಂಗೈ ಬೊಗಸೆ ಮಾಡಿಸಿ, ಏಳೂ ಮರಿಗಳನ್ನು ಅದರಲ್ಲಿಟ್ಟು, ಬೆಚ್ಚಗಾಗುವವರೆಗೆ ಅಲುಗಾಡಬೇಡಿ ಅಂದಳು. ಶಂಕರೆಪ್ಪನವರು ಅಲುಗಾಡಲಿಲ್ಲ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ. ಫೋನು ಬಂತು, ಎತ್ತಲಿಲ್ಲ. ಆಕೆ ಮಗಳಿಲಿಯನ್ನು ಸ್ವಲ್ಪ ಹೊತ್ತು ಬೇರೆ ಡಬ್ಬಿಗೆ ಹಾಕಿ, ಅದರ ಗೂಡಿನ ಹೊಟ್ಟು ತಂದು, ಗಂಡನ ಬೊಗಸೆಯಿಂದ ಒಂದೊಂದೇ ಮರಿಯನ್ನು ಎತ್ತಿ ಅದರಲ್ಲಿ ಮೆಲ್ಲಗೆ ಹೊರಳಿಸತೊಡಗಿದಳು.

"ರವಿ ಹುಟ್ಟಿದಾಗ ಹೆಂಗಿದ್ದ?" ಅಂತ ಶಂಕರೆಪ್ಪನವರು ಇದ್ದಕ್ಕಿದ್ದಂತೆ ಕೇಳಿದರು. "ಇಷ್ಟs ಕೆಂಪಗಿದ್ನೇನು?"

"ನೀವು ನೋಡಲಿಕ್ಕೆ ಬಂದಾಗ ಅವಗ ಹಲ್ಲು ಬಂದಿದ್ವು," ಅಂದಳು ಮಹಾದೇವಕ್ಕ. "ಆಮ್ಯಾಲೆ ಹೇಳ್ತೀನಿ. ಕೈ ಅಲ್ಲಾಡಿಸಬ್ಯಾಡ್ರಿ."

ಹನ್ನೆರಡೂ ಮರಿಗಳನ್ನು ಕಲಸಿ ಗೂಡಿನಲ್ಲಿಟ್ಟು, ಆಕೆ ಮಗಳಿಲಿಯನ್ನು ಒಳಗೆ ಬಿಟ್ಟಳು. ಅದು ಗೂಡು ಸುತ್ತಿತು, ಮೂಸಿತು. ಗುಂಪಿನಿಂದ ಜಾರಿ ಹೊರಗೆ ಬಿದ್ದಿದ್ದ ಒಂದು ತಬ್ಬಲಿ ಮರಿಯನ್ನು ಬಾಯಲ್ಲಿ ಕಚ್ಚಿ ಹಿಡಿಯಿತು. ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿ ನೋಡಿದರು. ಅದು ಮರಿಯನ್ನು ಒಯ್ದು ಉಳಿದವುಗಳ ನಡುವೆ ಇಟ್ಟು, ಎಲ್ಲದರ ಮೇಲೆ ಮಲಗಿ ಹಾಲೂಡಿಸತೊಡಗಿತು. ಶಂಕರೆಪ್ಪನವರು ಎದ್ದು ಮುಖ ತೊಳೆಯಲು ಹೋದವರು ಬಹಳ ಹೊತ್ತು ತೊಳೆದರು.

ತಬ್ಬಲಿಗಳಲ್ಲಿ ಎರಡು ಸತ್ತವು, ಐದು ಉಳಿದವು. ಒಡಹುಟ್ಟಿದವುಗಳಂತೆ ಬೆಳೆದ ಹತ್ತು ಮರಿ. ಅವು ಉಲ್ಹಾಸನಗರಕ್ಕೆ ಹೋಗುವ ದಿನ ಬಂದಾಗ ತಾನೇ ಬರುತ್ತೇನೆಂದು ಮಹಾದೇವಕ್ಕ ಹಟ ಹಿಡಿದಳು. ತವರಿನ ಕಡೆಯವರು ಒಬ್ಬರಾದರೂ ಹೋಗಬೇಕಲ್ಲ. ಶಂಕರೆಪ್ಪನವರು ಮೊದಲು ಬಿಸಿಲು ಅಂದರು, ಆಮೇಲೆ ಗಾಡಿಯಲ್ಲಿ ಜನರ ಗರ್ದಿ ಅಂದರು, ಆಮೇಲೆ ಆಕೆಯ ಮೊಣಕಾಲು ನೋವಿನ ಬಗ್ಗೆ ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಕಳವಳ ತೋರಿಸಿದರು. ಆಕೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಳು.

ಮನೀಷನ ಅಂಗಡಿಯಲ್ಲಿ ಗೋಡೆಯಷ್ಟುದ್ದದ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ತೋಳಿನುದ್ದದ, ಬೆಳ್ಳಿ ಬಣ್ಣದ ಒಂದು ಮೀನು ಗಂಭೀರವಾಗಿ ಸುತ್ತುತ್ತಿತ್ತು. ಎದುರಿಗೆ ಒಬ್ಬ ಗಿರಾಕಿ ಮೊಬೈಲು ಎತ್ತಿ ಹಿಡಿದು ನಿಂತಿದ್ದ. ಬಾಗಿಲಲ್ಲಿ ನಿಂತ ಹೆಂಗಸು ಯಾರೆಂದು ಮನೀಷನಿಗೆ ಗೊತ್ತಿರಲಿಲ್ಲ. ಅವನು ಕೆಳಗಿನ ಡಬ್ಬಿಗೆ ಕೈ ಹಾಕಿ, ಒಂದು ಬಿಳಿ ಮರಿಯನ್ನು ಬಾಲ ಹಿಡಿದು ಎತ್ತಿ, ತೊಟ್ಟಿಯ ಮೇಲಿಂದ ಬಿಟ್ಟ. ನೀರು ಒಮ್ಮೆ ಚಿಮ್ಮಿತು, ಅಷ್ಟೇ. ಗಿರಾಕಿ ವಿಡಿಯೋ ಸರಿಯಾಗಿ ಬಂತೋ ಇಲ್ಲವೋ ನೋಡಿಕೊಂಡ.

ಆಮೇಲೆ ಮನೀಷನ ಕಣ್ಣು ಶಂಕರೆಪ್ಪನವರ ಮೇಲೆ ಬಿತ್ತು. ಬನ್ನಿ ಅಂಕಲ್ ಅಂತ ಬಾಯಿತುಂಬ ಕರೆದು, ಹೋದ ಸಲದ ಮಾಲು ಫಸ್ಟ್‌ಕ್ಲಾಸ್ ಇತ್ತು, ದೊಡ್ಡ ಮೀನು ಸಾಕಿದವರೆಲ್ಲ ಇದೇ ಬೇಕು ಅನ್ನುತ್ತಾರೆ, ಇಷ್ಟು ತುಂಬಿದ ಮೈಯ ಮರಿ ಬೇರೆ ಯಾರೂ ತರುವುದಿಲ್ಲ ಅಂತ ಹಿಂದಿಯಲ್ಲಿ ಹೊಗಳಿದ. ಸಜ್ಜೆ, ಕಡಲೆ, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಗುಣಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಮಹಾದೇವಕ್ಕ ಗಂಡನ ಕಡೆ ತಿರುಗಿದಳು. ಅವರು ಮೀನಿನ ಆಹಾರದ ಡಬ್ಬಿಯೊಂದನ್ನು ಎತ್ತಿಕೊಂಡು ಅದರ ಮೇಲಿನ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

"ನಿಮಗ ಗೊತ್ತಿತ್ತು," ಅಂದಳು.

"ಎರಡನೇ ಸಲದಿಂದ," ಅಂದರು ಶಂಕರೆಪ್ಪನವರು, ಡಬ್ಬಿಯಿಂದ ಕಣ್ಣೆತ್ತದೆ. "ನೀ ಅಷ್ಟು ಜ್ವಾಪಾನ ಮಾಡ್ತಿದ್ದಿ. ಹೆಂಗ ಹೇಳ್ಲಿ?"

"ಮತ್ತ ಆ ಡಾಕ್ಟರು?"

ಶಂಕರೆಪ್ಪನವರು ಆಹಾರದ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಅಕ್ಷರಗಳನ್ನು ಓದತೊಡಗಿದರು.

ಮಹಾದೇವಕ್ಕ ಹತ್ತು ಮರಿಗಳ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ಸ್ಟೇಶನ್ನಿನ ಕಡೆ ನಡೆದಳು. ಮನೀಷ್ ಹಿಂದಿನಿಂದ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಲೋಕಲ್ ಗಾಡಿಯ ಹೆಂಗಸರ ಡಬ್ಬದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಬ್ಬಿಯಲ್ಲೇನು ಆಂಟಿ ಅಂತ ಯಾರೋ ಕೇಳಿದರು, ಇದ್ದದ್ದನ್ನು ಇದ್ದಂತೆ ಹೇಳಿದಳು. ತಕ್ಷಣ ಒಂದು ಇಡೀ ಸೀಟು ಖಾಲಿಯಾಯಿತು. ಮುಂಬೈ ಲೋಕಲ್ಲಿನಲ್ಲಿ ಇಷ್ಟು ವರ್ಷದಲ್ಲಿ ಆಕೆಗೆ ಠಾಣೆಯವರೆಗೆ ಕಿಟಕಿಯ ಪಕ್ಕ ಸಿಕ್ಕಿದ್ದು ಅದೊಂದೇ ಸಲ. ಕಿಟಕಿಯಿಂದ ಹೊರಗೆ ಮಾತ್ರ ನೋಡಲಿಲ್ಲ. ಹೊಟ್ಟೆಯ ಮೇಲೆ ಹಾಲಿನ ಪಟ್ಟಿ ಇದೆಯೋ ಇಲ್ಲವೋ ಅಂತ ದಿನಾ ಎತ್ತಿ ನೋಡಿ, ದಪ್ಪ ಮಾಡಿ, ಹೊಟ್ಟು ಕಟ್ಟಿ ಕಳಿಸಿದ್ದು ಒಂದೊಂದೂ ನೆನಪಿಗೆ ಬರುತ್ತಿತ್ತು. ಅಡಿಗೆಮನೆಯಲ್ಲಿ ಅಂಟಿನ ಹಾಳೆ ಇಟ್ಟು ಎಷ್ಟು ಕಂದು ಇಲಿಗಳನ್ನು ಹಿಡಿದು ಒಗೆದಿರಲಿಲ್ಲ? ಆಗ ಬಾರದ ಸಂಕಟ ಈಗ ಯಾಕೆ ಅಂತ ತನ್ನನ್ನೇ ಕೇಳಿಕೊಂಡಳು. ಮರ್ಯಾದಸ್ಥ ಉತ್ತರ ಯಾವುದೂ ಸಿಗಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಶಂಕರೆಪ್ಪನವರು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದುದು ಕಂಡಿತು.

ಮನೆಗೆ ಬಂದವಳೇ ಆಕೆ ಎರಡು ಕೆಲಸ ಮಾಡಿದಳು. ಮೊದಲನೆಯದು, ಒಂದೊಂದನ್ನೂ ಎತ್ತಿ ನೋಡಿ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಮಾಡಿ ನಡುವೆ ಅಡ್ಡ ಹಲಗೆ ಕಟ್ಟಿದಳು. ಎಲ್ಲ ಸೇರಿ ಮೂವತ್ತೊಂದಾದವು. ಎರಡನೆಯದು, ಸೀದಾ ಪ್ರೇಮನಾಥರ ಮನೆಗೆ ಹೋಗಿ, ನಿಮ್ಮ ಅಧ್ಯಕ್ಷರ ಬಾಲ್ಕನಿಯಲ್ಲಿ ಇಷ್ಟು ಇಲಿಗಳಿವೆ, ಬಂದು ನೋಡಿ ಅಂದಳು.

ಪ್ರೇಮನಾಥರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಕೂತುಕೊಂಡರು. ಸಭೆ ಕರೆಯಲಾಯಿತು. ಸೊಸೈಟಿಯ ನಿಯಮಾವಳಿಯಲ್ಲಿ ನಾಯಿಗೆ ಒಂದು ಪುಟ, ಬೆಕ್ಕಿಗೆ ಅರ್ಧ ಪುಟ, ಗಿಳಿಗೆ ಎರಡು ಸಾಲು ಇದ್ದವು. ಇಲಿ ಸಾಕುವ ಮಹನೀಯರೊಬ್ಬರು ಹುಟ್ಟಿ ಬಂದಾರೆಂದು ಬರೆದವರು ಊಹಿಸಿರಲಿಲ್ಲ. ಎರಡು ತಾಸು ವಾದವಾಯಿತು. ಮಹಾದೇವಕ್ಕ ಎದ್ದು ನಿಂತು, ಇವು ಇನ್ನು ಹಡೆಯುವುದಿಲ್ಲ, ಇಲಿಯ ಆಯುಷ್ಯವೇ ಎರಡು ವರ್ಷ, ಅದು ಮುಗಿಯುವ ತನಕ ಇರಲಿ, ಬೇಡವಾದರೆ ನೀವೇ ಯಾರಾದರೂ ಬಂದು ನನ್ನ ಕಣ್ಣೆದುರು ಒಂದೊಂದಾಗಿ ಕೊಲ್ಲಿ ಅಂದಳು. ಪಾಷಾಣದ ಠರಾವಿಗೆ ಕೈ ಎತ್ತಿದ್ದ ಒಬ್ಬರೂ ಈಗ ಕೈ ಎತ್ತಲಿಲ್ಲ. ಅಧ್ಯಕ್ಷರು ಆರೋಗ್ಯದ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಮರುವಾರ ಪ್ರೇಮನಾಥರ ಹೆಂಡತಿ ರಮಿತಾ ಗಂಡನಿಗೆ ಹೇಳದೆ ಬಂದು ಎರಡು ಇಲಿ ಕೇಳಿ ಒಯ್ದರು. ಎರಡೂ ಹೆಣ್ಣು, ಈ ಸಲದ ಗ್ಯಾರಂಟಿ ಮಹಾದೇವಕ್ಕನದು.

ಬಾಲ್ಕನಿಯ ಕೆಲಸವನ್ನೆಲ್ಲ ಆಕೆ ಅಂದಿನಿಂದ ಗಂಡನಿಗೆ ವಹಿಸಿಕೊಟ್ಟಳು. ಜೀವನದಲ್ಲಿ ಒಂದು ತೊಟ್ಟಿಲನ್ನೂ ತೂಗದ ಶಂಕರೆಪ್ಪನವರು ಈಗ ದಿನಾ ಬೆಳಿಗ್ಗೆ ಆರು ತೊಟ್ಟಿ ಉಜ್ಜುತ್ತಾರೆ, ಶೀಸೆಗಳಿಗೆ ನೀರು ತುಂಬುತ್ತಾರೆ, ವಯಸ್ಸಾಗಿ ಹಲ್ಲು ಹೋದವಕ್ಕೆ ರೊಟ್ಟಿ ಕಿವುಚಿ ಇಡುತ್ತಾರೆ. ಆಕೆ ಹೇಳಿಕೊಟ್ಟದ್ದು ಒಂದೇ ಸಲ, ತಪ್ಪು ತೋರಿಸಿದ್ದು ನೂರು ಸಲ. ಆ ಡಾಕ್ಟರರ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಎತ್ತದೆ ಇರುವುದು ಎತ್ತುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ಆಕೆಗೆ ಗೊತ್ತಿತ್ತು.

ಎರಡು ವರ್ಷ ಕಳೆಯುತ್ತ ಬಂದಿದೆ. ಈಗ ನಾಲ್ಕು ಉಳಿದಿವೆ. ಹೋದ ತಿಂಗಳು, ಏಳು ತಬ್ಬಲಿಗಳಿಗೆ ಹಾಲೂಡಿಸಿದ್ದ ಆ ಮಗಳಿಲಿ ಸತ್ತಿತು. ಶಂಕರೆಪ್ಪನವರು ಅದನ್ನು ಕಾಗದದಲ್ಲಿ ಸುತ್ತಿ, ಪಂಪ್ ಹೌಸಿನ ಹಿಂದಿನ ಮಣ್ಣಿನಲ್ಲಿ ಹೂಳಿ, ವಾಚ್‌ಮನ್ ನೋಡುತ್ತಿದ್ದಂತೆ ಮಣ್ಣು ತಟ್ಟಿ ಮೇಲೆ ಬಂದರು. ಇಲಿ ಸತ್ತರೆ ಯಾವ ಸೂತಕವೂ ಇಲ್ಲ ಅನ್ನುವುದು ಮಹಾದೇವಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಬಚ್ಚಲಲ್ಲಿ ಬಿಸಿನೀರು ಕಾಯಿಸಿಟ್ಟಿದ್ದಳು. ಜಳಕ ಮಾಡಿ ಬನ್ನಿ, ಊಟಕ್ಕೆ ಇಡುತ್ತೇನೆ ಅಂದಳು. ಶಂಕರೆಪ್ಪನವರು ಜಳಕ ಮಾಡಿ ಬಂದು ಎರಡು ರೊಟ್ಟಿ ಉಂಡರು. ಮೂರನೆಯದನ್ನು ಬೇಡವೆಂದರೂ ಆಕೆ ಹಾಕಿದಳು.